ಪೈಥಾನ್ ಪ್ರೋಗ್ರಾಂ ಒಳಗಿನ ಎಸ್‌ಎಸ್‌ಎಚ್ ಟನಲ್ ಸತ್ತರೂ ಪ್ರೋಗ್ರಾಂಗೆ ತಿಳಿಯುತ್ತಿಲ್ಲ, ಏನು ಮಾಡಬೇಕು?

ತುಂಗಾತೀರ (ತೀರ್ಥಹಳ್ಳಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಖರೀದಿ ಲೆಕ್ಕದ ಸಾಫ್ಟ್‌ವೇರನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಮುಖ್ಯ ಕಚೇರಿ ಶಿವಮೊಗ್ಗದಲ್ಲಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಲ್ಲಿಯ ಒಳ ನೆಟ್‌ವರ್ಕಿನ ಒಂದು ಕಂಪ್ಯೂಟರಿನಲ್ಲಿದ್ದು, ಹೊರಗಿನಿಂದ ಅದನ್ನು ನೇರವಾಗಿ ತಲುಪಲು ಬರುವುದಿಲ್ಲ. ಸ್ಥಿರ ಐಪಿ ವಿಳಾಸವಿರುವ ಇನ್ನೊಂದು ಲಿನಕ್ಸ್ ಯಂತ್ರ ಅದರ ಮುಂದಿದೆ. ಆ ಯಂತ್ರದಲ್ಲೂ ಹೊರಗಿನವರಿಗೆ ತೆರೆದಿರುವುದು 22ನೇ ಪೋರ್ಟ್ ಒಂದೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಖರೀದಿ ಕೇಂದ್ರಗಳಲ್ಲಿ ಉಬುಂಟು ಕಂಪ್ಯೂಟರುಗಳಿದ್ದು, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಅಡಿಕೆಯ ತೂಕವನ್ನು ಪೈಥಾನ್ ಪ್ರೋಗ್ರಾಂ ಮೂಲಕ ಶಿವಮೊಗ್ಗದ ಡೇಟಾಬೇಸಿಗೆ ಸೇರಿಸುತ್ತೇವೆ.

ಮೊದಲು ಗುಮಾಸ್ತರು ಬೆಳಿಗ್ಗೆ ಬಂದು ಟರ್ಮಿನಲ್ ತೆರೆದು ಟನಲ್‌ನ (ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕದೊಳಗೆ ಬೇರೊಂದು ಸಂಪರ್ಕವನ್ನು ಹಾಯಿಸುವ ದಾರಿ) ಆಜ್ಞೆಯನ್ನು ಓಡಿಸಬೇಕಾಗಿತ್ತು. ಯಾರಾದರೂ ಆ ಕಿಟಕಿಯನ್ನು ಮುಚ್ಚಿದರೆ ಕೆಲಸ ನಿಲ್ಲುತ್ತಿತ್ತು. ಆದ್ದರಿಂದ ಟನಲ್ ಅನ್ನು ಪ್ರೋಗ್ರಾಂ ಒಳಗೇ ತಂದೆ. ಎಸ್‌ಎಸ್‌ಎಚ್‌ಟನಲ್ ಲೈಬ್ರರಿಯ ಫಾರ್ವರ್ಡರ್ ಕ್ಲಾಸಿಗೆ ಮುಂದಿನ ಯಂತ್ರದ ವಿಳಾಸ, ಖಾಸಗಿ ಕೀಲಿ, ಡೇಟಾಬೇಸಿನ ಒಳ ವಿಳಾಸ ಮತ್ತು 5432ನೇ ಪೋರ್ಟ್ ಕೊಟ್ಟಿದ್ದೇನೆ. ಅದು ಆರಿಸಿದ ಸ್ಥಳೀಯ ಪೋರ್ಟಿಗೆ ಸೈಕೋಪಿಜಿ (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಪೈಥಾನ್ ಲೈಬ್ರರಿ) ಸಂಪರ್ಕ ಕೊಡುತ್ತದೆ. ಬೇಸಿಗೆಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ.

ಪುನರ್ವಸು ಮಳೆ ಹಿಡಿದ ಮೇಲೆ ಕರೆಂಟು ಹೋಗಿ ಬರುವುದು, ಫೈಬರ್ ಕಡಿದು ರೂಟರ್ ಮೊಬೈಲ್ ಡೇಟಾಗೆ ಹೊರಳುವುದು ಇಲ್ಲಿ ದಿನದ ಮಾತು. ಹಾಗಾದಾಗ ಪ್ರೋಗ್ರಾಂ ಟನಲ್ ಜೀವಂತವಾಗಿದೆ ಎಂದೇ ತಿಳಿದುಕೊಂಡಿರುತ್ತದೆ. ಗುಮಾಸ್ತರು ತೂಕ ನಮೂದಿಸಿ ಉಳಿಸುವ ಗುಂಡಿ ಒತ್ತಿದರೆ ಪರದೆ ಹತ್ತು ಹದಿನೈದು ನಿಮಿಷ ಹಾಗೆಯೇ ನಿಂತುಬಿಡುತ್ತದೆ. ದರ ಏರಲೆಂದು ಕಾದಿಟ್ಟ ಅಡಿಕೆಯನ್ನು ಮಳೆಯಲ್ಲಿ ಜೀಪಿಗೆ ಹಾಕಿಸಿಕೊಂಡು ಬಂದ ರೈತರು ತಕ್ಕಡಿಯ ಮುಂದೆ ಚೀಟಿಗಾಗಿ ಕಾಯುತ್ತ ನಿಲ್ಲಬೇಕಾಗುತ್ತದೆ. ಡೇಟಾಬೇಸ್ ಸಂಪರ್ಕಕ್ಕೆ ಕೀಪ್‌ಅಲೈವ್ (ಜೀವ ಇದೆಯೇ ಎಂದು ಆಗಾಗ ಕೇಳುವ ಸಂದೇಶ) ಹಾಕಿ ನೋಡಿದೆ, ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಆಜ್ಞೆಗೆ ಕೊಡುವ ಗರಿಷ್ಠ ಸಮಯ) ಕೂಡ ಹಾಕಿದೆ. ಎರಡರಿಂದಲೂ ಪ್ರಯೋಜನ ಕಾಣಲಿಲ್ಲ. ಟನಲ್ ಸತ್ತಿದೆ ಎಂದು ಒಂದು ನಿಮಿಷದೊಳಗೆ ಪ್ರೋಗ್ರಾಂಗೆ ತಿಳಿಯುವಂತೆ ಮಾಡುವ ಸರಿಯಾದ ದಾರಿ ಯಾವುದು?

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಹೊಸನಗರದ ಗೋದಾಮಿನಲ್ಲಿ ತೇವಾಂಶ ಅಳೆಯುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದು, ಅದು ಮೊಬೈಲ್ ಸಿಮ್‌ನಲ್ಲಿ ನಡೆಯುತ್ತದೆ. ಶಿವಮೊಗ್ಗದಿಂದ ಅದರೊಳಗೆ ಹೋಗಿ ನೋಡಲು ಸಾಧ್ಯವಾಗಬೇಕು.

ಶರಾವತಿ (ಸಾಗರ) ಅವರ ಉತ್ತರ

ತುಂಗಾತೀರ ಅವರೇ, ಡೇಟಾಬೇಸ್ ಸಂಪರ್ಕಕ್ಕೆ ಹಾಕಿದ ಕೀಪ್‌ಅಲೈವ್ ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಪ್ರೋಗ್ರಾಂನಿಂದ ಡೇಟಾಬೇಸಿಗೆ ಒಂದೇ ಟಿಸಿಪಿ ಸಂಪರ್ಕ ಇರುವಂತೆ ಕಂಡರೂ ಅಲ್ಲಿರುವುದು ಮೂರು. ಸೈಕೋಪಿಜಿಯಿಂದ ನಿಮ್ಮದೇ ಯಂತ್ರದ 127.0.0.1ರಲ್ಲಿ ಕಿವಿಗೊಟ್ಟು ಕುಳಿತ ಫಾರ್ವರ್ಡರ್‌ವರೆಗೆ ಒಂದು, ಅಲ್ಲಿಂದ ಶಿವಮೊಗ್ಗದ ಮುಂದಿನ ಯಂತ್ರದವರೆಗೆ ಎಸ್‌ಎಸ್‌ಎಚ್ ಸಂಪರ್ಕ ಇನ್ನೊಂದು, ಆ ಯಂತ್ರದಿಂದ ಡೇಟಾಬೇಸಿಗೆ ಮತ್ತೊಂದು. ನಡುವಿನ ಸಂಪರ್ಕದೊಳಗೆ ಪ್ರತಿ ಡೇಟಾಬೇಸ್ ಸಂಪರ್ಕಕ್ಕೂ ಒಂದೊಂದು ಚಾನೆಲ್ ತೆರೆಯುತ್ತದೆ. 2006ರ ಆರ್‌ಎಫ್‌ಸಿ 4254 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಈ ಬಗೆಯ ಚಾನೆಲ್ಲಿಗೆ ಡೈರೆಕ್ಟ್-ಟಿಸಿಪಿಐಪಿ ಎಂದು ಹೆಸರು. ಮಳೆಗೆ ಕಡಿದುಹೋಗುವುದು ನಡುವಿನ ಸಂಪರ್ಕ ಮಾತ್ರ. ಮೊದಲನೆಯದು ಪೂರ್ತಿಯಾಗಿ ನಿಮ್ಮ ಕಂಪ್ಯೂಟರಿನೊಳಗೇ ಇರುವುದರಿಂದ, ಸೈಕೋಪಿಜಿ ಕಳಿಸಿದ ಕೀಪ್‌ಅಲೈವ್‌ಗೆ ನಿಮ್ಮದೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಕ್ಷಣ ಉತ್ತರ ಕೊಟ್ಟು, ಎಲ್ಲವೂ ಸರಿಯಾಗಿದೆ ಎಂದು ಹೇಳಿಬಿಡುತ್ತದೆ. ಕಾಡಿನ ಅಬ್ಬಿಯಿಂದ ಮನೆಗೆ ಎಳೆದ ನೀರಿನ ಪೈಪು ಗುಡ್ಡದಲ್ಲೆಲ್ಲೋ ಕಳಚಿಕೊಂಡಿದ್ದರೂ ಅಂಗಳದ ನಲ್ಲಿ ತಿರುಗುತ್ತಲೇ ಇರುತ್ತದೆಯಲ್ಲ, ಹಾಗೆ. ಪೋಸ್ಟ್‌ಗ್ರೆಸ್ 12ರಿಂದ ಬಂದ ಟಿಸಿಪಿ ಯೂಸರ್ ಟೈಮ್‌ಔಟ್ (ಕಳಿಸಿದ್ದಕ್ಕೆ ಸ್ವೀಕೃತಿ ಬರಲು ಕಾಯುವ ಗರಿಷ್ಠ ಅವಧಿ) ಆಯ್ಕೆಯನ್ನು ಡೇಟಾಬೇಸ್ ಸಂಪರ್ಕಕ್ಕೆ ಹಾಕಿದರೂ ಇದೇ ಕಾರಣಕ್ಕೆ ಫಲವಿಲ್ಲ. ಸ್ಟೇಟ್‌ಮೆಂಟ್ ಟೈಮ್‌ಔಟ್ ಅನ್ನು ಎಣಿಸುವುದು ಶಿವಮೊಗ್ಗದ ಡೇಟಾಬೇಸ್. ಆಜ್ಞೆಯೇ ಅಲ್ಲಿಗೆ ತಲುಪದಿದ್ದರೆ ಅದು ಎಣಿಸುವುದು ಏನನ್ನು?

ಇನ್ನು ನಡುವಿನ ಸಂಪರ್ಕ. ಕರೆಂಟು ಹೋದಾಗ ರೂಟರ್ ಯಾರಿಗೂ ವಿದಾಯ ಹೇಳದೆ ಸಾಯುತ್ತದೆ, ಸಂಪರ್ಕ ಮುಗಿಯಿತು ಎಂಬ ಪ್ಯಾಕೆಟ್ ಎರಡೂ ಕಡೆಗೆ ಬರುವುದಿಲ್ಲ. ಕಳಿಸಿದ ದತ್ತಾಂಶಕ್ಕೆ ಸ್ವೀಕೃತಿ ಬಾರದಿದ್ದಾಗ ಲಿನಕ್ಸ್ ಮತ್ತೆ ಮತ್ತೆ ಕಳಿಸುತ್ತ ಹೋಗುತ್ತದೆ. ಟಿಸಿಪಿ ರಿಟ್ರೈಸ್2 ಎಂಬ ಕರ್ನಲ್ ಸೆಟ್ಟಿಂಗ್‌ನ ಮೂಲ ಬೆಲೆ 15. ಅದರಂತೆ ಕರ್ನಲ್ ಕೈಚೆಲ್ಲಲು ಕನಿಷ್ಠ 924 ಸೆಕೆಂಡು, ಅಂದರೆ ಹದಿನೈದು ನಿಮಿಷಕ್ಕೂ ಹೆಚ್ಚು ಬೇಕು. ನಿಮ್ಮ ಪರದೆ ನಿಲ್ಲುವ ಅವಧಿ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಏನನ್ನೂ ಕಳಿಸದೆ ಸುಮ್ಮನಿದ್ದರಂತೂ ಸಾವು ತಿಳಿಯುವುದೇ ಇಲ್ಲ, ಏಕೆಂದರೆ ಟಿಸಿಪಿಯ ಸ್ವಂತ ಕೀಪ್‌ಅಲೈವ್ ಅನ್ನು ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ ಅದು ನಡೆಯುತ್ತದೆ, ಕೇಳಿಕೊಂಡರೂ ಮೊದಲ ವಿಚಾರಣೆ ಹೋಗುವುದು 7200 ಸೆಕೆಂಡುಗಳ ನಂತರ.

ಆದ್ದರಿಂದ ಜೀವ ಇದೆಯೇ ಎಂದು ಕೇಳುವ ಕೆಲಸ ಎಸ್‌ಎಸ್‌ಎಚ್ ಮಟ್ಟದಲ್ಲಿ ಆಗಬೇಕು, ಮತ್ತು ಉತ್ತರ ಬಂತೇ ಎಂದು ಲೆಕ್ಕ ಇಡಬೇಕು. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ನಿಮ್ಮ ಲೈಬ್ರರಿಯ ಒಳಗಿರುವುದು ಪ್ಯಾರಾಮಿಕೊ ಎಂಬ ಪೈಥಾನ್ ಎಸ್‌ಎಸ್‌ಎಚ್ ಲೈಬ್ರರಿ. ಅದರ ಸೆಟ್ ಕೀಪ್‌ಅಲೈವ್ ಎಂಬ ಮೆಥಡ್ ನಿಗದಿತ ಅವಧಿಗೊಮ್ಮೆ ಒಂದು ಸಂದೇಶ ಕಳಿಸುತ್ತದೆ, ಆದರೆ ಅದಕ್ಕೆ ಉತ್ತರ ಬರಲೆಂದು ಕಾಯುವುದಿಲ್ಲ. ದಾರಿಯ ನಡುವಿನ ರೂಟರುಗಳು ಸಂಪರ್ಕವನ್ನು ಮರೆಯದಿರಲು ಅದು ಸಾಕು, ಸಂಪರ್ಕ ಸತ್ತಿದೆ ಎಂದು ಅರಿಯಲು ಸಾಲದು. ಟರ್ಮಿನಲ್ಲಿನಲ್ಲಿ ಬಳಸುವ ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಅಲೈವ್ ಇಂಟರ್ವಲ್ ಬೇರೆ ರೀತಿಯದು. ಅದನ್ನು 15 ಎಂದಿಟ್ಟು, ಕೌಂಟ್ ಮ್ಯಾಕ್ಸ್ ಅನ್ನು ಮೂಲ ಬೆಲೆಯಾದ 3ಕ್ಕೇ ಬಿಟ್ಟರೆ, ಸುಮಾರು 45 ಸೆಕೆಂಡು ಮರುಮಾತು ಬಾರದಿದ್ದಾಗ ಸಂಪರ್ಕವನ್ನು ತಾನೇ ಕಡಿಯುತ್ತದೆ. ಇಂಟರ್ವಲ್‌ನ ಮೂಲ ಬೆಲೆ ಸೊನ್ನೆ, ಹಾಗಾಗಿ ಹೇಳದೆ ಅದೂ ಕೇಳುವುದಿಲ್ಲ.

ಪ್ಯಾರಾಮಿಕೊದಲ್ಲೇ ಉಳಿಯುವುದಾದರೆ ನಾನು ಹೀಗೆ ಮಾಡುತ್ತೇನೆ. ಸಾಕೆಟ್ ಅನ್ನು ನಾನೇ ತೆರೆದು, ಅದಕ್ಕೆ ಟಿಸಿಪಿ ಯೂಸರ್ ಟೈಮ್‌ಔಟ್ ಅನ್ನು 40000 ಮಿಲಿಸೆಕೆಂಡು ಎಂದು ಹೊಂದಿಸಿ, ಆ ಸಾಕೆಟ್ಟನ್ನೇ ಪ್ಯಾರಾಮಿಕೊದ ಕನೆಕ್ಟ್ ಮೆಥಡ್‌ಗೆ ಸಾಕ್ ಎಂಬ ಆರ್ಗ್ಯುಮೆಂಟ್ ಆಗಿ ಕೊಡುತ್ತೇನೆ. ಜೊತೆಗೆ ಕೀಪ್‌ಅಲೈವ್ ಅನ್ನು 15 ಸೆಕೆಂಡಿಗೆ ಇಡುತ್ತೇನೆ. ಆಗ ಕೀಪ್‌ಅಲೈವ್ ಸಂದೇಶವೇ ಸ್ವೀಕೃತಿ ಸಿಗದೆ ಉಳಿದ ದತ್ತಾಂಶವಾಗುತ್ತದೆ, ನಲವತ್ತು ಸೆಕೆಂಡಿನಲ್ಲಿ ಕರ್ನಲ್ ಸಾಕೆಟ್ಟನ್ನು ದೋಷ ಸಹಿತ ಮುಚ್ಚುತ್ತದೆ, ಟ್ರಾನ್ಸ್‌ಪೋರ್ಟ್ ಥ್ರೆಡ್ ನಿಲ್ಲುತ್ತದೆ, ಚಾನೆಲ್ಲುಗಳು ಮುಚ್ಚಿಕೊಳ್ಳುತ್ತವೆ, ಫಾರ್ವರ್ಡರ್ ಸ್ಥಳೀಯ ಸಂಪರ್ಕವನ್ನು ಕಡಿಯುತ್ತದೆ, ಕೊನೆಗೆ ಸೈಕೋಪಿಜಿ ಆಪರೇಷನಲ್ ಎರರ್ ಎಸೆಯುತ್ತದೆ. ಸುದ್ದಿ ಹೀಗೆ ಸರಪಣಿಯಾಗಿ ಮೇಲೆ ಬರಬೇಕು. ನಡುವೆ ಯಾವ ಕೊಂಡಿಯಲ್ಲೂ ಎಕ್ಸೆಪ್ಶನ್ ಅನ್ನು ಹಿಡಿದು ನುಂಗುವ ಕೋಡ್ ಇರಬಾರದು. ಹೊಸದಾಗಿ ಬರೆಯುವುದಾದರೆ ಅಸಿಂಕ್‌ಎಸ್‌ಎಸ್‌ಎಚ್ ಲೈಬ್ರರಿಯನ್ನು ನೋಡಿ. ಅದರ ಕೀಪ್‌ಅಲೈವ್ ಉತ್ತರಗಳನ್ನು ಎಣಿಸುತ್ತದೆ, ಫಾರ್ವರ್ಡ್ ಲೋಕಲ್ ಪೋರ್ಟ್ ಎಂಬ ಮೆಥಡ್ ಸಿದ್ಧವಾಗಿಯೇ ಇದೆ.

ಮಂಡಗದ್ದೆ ಅವರ ಉತ್ತರ

ಶರಾವತಿ ಮೇಡಂ ಹೇಳಿದ್ದಕ್ಕೆ ಭದ್ರತೆಯ ಕಡೆಯಿಂದ ಎರಡು ಮಾತು ಸೇರಿಸಲೇಬೇಕು. ರೈತರ ಹಣದ ಲೆಕ್ಕ ಈ ದಾರಿಯಲ್ಲಿ ಹೋಗುತ್ತಿರುವುದರಿಂದ ಇವನ್ನು ಆಮೇಲೆ ನೋಡಿದರಾಯಿತು ಎಂದು ಬಿಡಬೇಡಿ.

ಮೊದಲನೆಯದು, ಎಸ್‌ಎಸ್‌ಎಚ್‌ಟನಲ್ ಲೈಬ್ರರಿಗೆ ಸ್ಥಳೀಯ ವಿಳಾಸವನ್ನು ನೀವು ಕೊಡದಿದ್ದರೆ ಅದು 0.0.0.0ರಲ್ಲಿ ಕಿವಿಗೊಡುತ್ತದೆ. ಅಂದರೆ ಕೇಂದ್ರದ ವೈಫೈಗೆ ಸೇರಿಕೊಂಡ ಯಾವ ಮೊಬೈಲಿನಿಂದ ಬೇಕಾದರೂ ನಿಮ್ಮ ಟನಲ್ ಹಾದು ಶಿವಮೊಗ್ಗದ ಡೇಟಾಬೇಸಿನ ಬಾಗಿಲವರೆಗೆ ಹೋಗಬಹುದು. ಲೋಕಲ್ ಬೈಂಡ್ ಅಡ್ರೆಸ್ ಅನ್ನು 127.0.0.1 ಎಂದೂ ಪೋರ್ಟ್ ಅನ್ನು ಸೊನ್ನೆ ಎಂದೂ ಸ್ಪಷ್ಟವಾಗಿ ಬರೆಯಿರಿ. ಸೊನ್ನೆ ಎಂದರೆ ಖಾಲಿ ಇರುವ ಪೋರ್ಟನ್ನು ಆಪರೇಟಿಂಗ್ ಸಿಸ್ಟಂ ತಾನೇ ಆರಿಸುತ್ತದೆ, ಆರಿಸಿದ್ದು ಯಾವುದೆಂದು ಲೋಕಲ್ ಬೈಂಡ್ ಪೋರ್ಟ್ ಎಂಬ ಗುಣದಿಂದ ಓದಿಕೊಳ್ಳಬಹುದು. ಆದರೆ ಅದೇ ಕಂಪ್ಯೂಟರಿಗೆ ಬೇರೆ ಹೆಸರಿನಲ್ಲಿ ಲಾಗಿನ್ ಆದವರಿಗೂ 127.0.0.1 ತೆರೆದೇ ಇರುತ್ತದೆ ಎಂಬುದು ನೆನಪಿರಲಿ. ಅದನ್ನೂ ಮುಚ್ಚಬೇಕೆಂದಿದ್ದರೆ, ಓಪನ್‌ಎಸ್‌ಎಸ್‌ಎಚ್ 6.7ರಿಂದ ಪೋರ್ಟಿನ ಬದಲು ಯೂನಿಕ್ಸ್ ಸಾಕೆಟ್ ಫೈಲನ್ನು ಫಾರ್ವರ್ಡ್ ಮಾಡುವ ಸೌಕರ್ಯವಿದೆ. ಫೈಲಿರುವ ಫೋಲ್ಡರಿನ ಅನುಮತಿಯನ್ನು 700 ಎಂದಿಟ್ಟರೆ ಆ ಬಳಕೆದಾರರನ್ನು ಬಿಟ್ಟು ಬೇರೆ ಸಾಮಾನ್ಯ ಬಳಕೆದಾರರು ಅದನ್ನು ಮುಟ್ಟಲಾರರು, ಮತ್ತು ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯೂ ಎಂಬ ಸಂಪರ್ಕ ಲೈಬ್ರರಿ ಹೋಸ್ಟ್‌ನ ಜಾಗದಲ್ಲಿ ಫೋಲ್ಡರಿನ ಪೂರ್ಣ ದಾರಿಯನ್ನು ಒಪ್ಪಿಕೊಳ್ಳುತ್ತದೆ.

ಎರಡನೆಯದು ಹೋಸ್ಟ್ ಕೀ, ಅಂದರೆ ಸರ್ವರಿನ ಗುರುತನ್ನು ಖಚಿತಪಡಿಸುವ ಕೀಲಿ. ನಿಮ್ಮ ವಿವರಣೆಯಲ್ಲಿ ಅದರ ಪ್ರಸ್ತಾಪವೇ ಇಲ್ಲ. ಎಸ್‌ಎಸ್‌ಎಚ್ ಹೋಸ್ಟ್ ಕೀ ಎಂಬ ಆರ್ಗ್ಯುಮೆಂಟ್ ಕೊಡದಿದ್ದರೆ ಈ ಲೈಬ್ರರಿ ಎದುರಿನ ಯಂತ್ರ ಶಿವಮೊಗ್ಗದ್ದೇ ಹೌದೇ ಎಂದು ಪರೀಕ್ಷಿಸುವುದಿಲ್ಲ. ಟರ್ಮಿನಲ್ಲಿನಲ್ಲಿ ಮೊದಲ ಬಾರಿ ಸಂಪರ್ಕಿಸಿದಾಗ ಬೆರಳಚ್ಚನ್ನು ತೋರಿಸಿ ಒಪ್ಪಿಗೆ ಕೇಳುವ ಆ ಪ್ರಶ್ನೆ ಕೋಡಿನೊಳಗೆ ಬಂದಾಗ ಸದ್ದಿಲ್ಲದೆ ಮಾಯವಾಗಿಬಿಡುತ್ತದೆ. ಪ್ಯಾರಾಮಿಕೊವನ್ನು ನೇರವಾಗಿ ಬಳಸುವವರು ಆಟೋ ಆಡ್ ಪಾಲಿಸಿ ಹಾಕುವುದೂ, ಗೋ ಭಾಷೆಯಲ್ಲಿ ಬರೆಯುವವರು ಇನ್‌ಸೆಕ್ಯೂರ್ ಇಗ್ನೋರ್ ಹೋಸ್ಟ್ ಕೀ ಹಾಕುವುದೂ ಇದೇ ಸಾಲಿಗೆ ಸೇರುತ್ತವೆ. ಮುಂದಿನ ಯಂತ್ರದ ಎದುರು ಕುಳಿತು ಅದರ ಸಾರ್ವಜನಿಕ ಹೋಸ್ಟ್ ಕೀಯನ್ನು ನಕಲಿಸಿಕೊಂಡು ಪ್ರೋಗ್ರಾಂ ಜೊತೆಗೇ ಪ್ರತಿ ಕೇಂದ್ರಕ್ಕೂ ಕಳಿಸಿ. ಕೀ ಹೊಂದದಿದ್ದರೆ ಸಂಪರ್ಕವೇ ಆಗಬಾರದು. ಮಳೆಗಾಲದಲ್ಲಿ ಎಷ್ಟೇ ಅವಸರವಿದ್ದರೂ ಆ ಪರೀಕ್ಷೆಯನ್ನು ತೆಗೆದುಹಾಕಿ ಕೆಲಸ ಮುಂದುವರಿಸುವ ಗುಂಡಿಯನ್ನು ಗುಮಾಸ್ತರ ಕೈಗೆ ಕೊಡಬೇಡಿ.

ಶಿವಮೊಗ್ಗದ ಯಂತ್ರದಲ್ಲೂ ಪ್ರತಿ ಕೇಂದ್ರಕ್ಕೆ ಬೇರೆ ಬೇರೆ ಎಡ್25519 ಕೀಲಿ ಇರಲಿ. ಒಳಬರಲು ಅನುಮತಿ ಇರುವ ಕೀಲಿಗಳ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಲಿಯ ಸಾಲಿನ ಮುಂದೆ ರಿಸ್ಟ್ರಿಕ್ಟ್ ಎಂದು ಬರೆದು ಎಲ್ಲ ಸೌಲಭ್ಯಗಳನ್ನೂ ಮುಚ್ಚಿ, ಪೋರ್ಟ್ ಫಾರ್ವರ್ಡಿಂಗ್ ಒಂದನ್ನು ತೆರೆದು, ಪರ್ಮಿಟ್ ಓಪನ್ ಮೂಲಕ ಡೇಟಾಬೇಸಿನ ವಿಳಾಸ ಮತ್ತು 5432ನ್ನು ಮಾತ್ರ ಹೆಸರಿಸಿ. ರಿಸ್ಟ್ರಿಕ್ಟ್ ಒಂದೇ ಇದ್ದರೆ ಆಜ್ಞೆಗಳನ್ನು ಓಡಿಸುವುದು ನಿಲ್ಲುವುದಿಲ್ಲವಾದ್ದರಿಂದ ಕಮಾಂಡ್ ಆಯ್ಕೆಯಲ್ಲಿ ನೋಲಾಗಿನ್ ಕೂಡ ಕೊಡಿ. ಕೇಂದ್ರದ ಕಂಪ್ಯೂಟರ್ ಕಳುವಾದರೆ ಆ ಒಂದು ಸಾಲನ್ನು ಅಳಿಸಿದರೆ ಸಾಕಾಗುತ್ತದೆ.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಥಳೀಯ ವಿಳಾಸವನ್ನೂ ಹೋಸ್ಟ್ ಕೀಯನ್ನೂ ಇಂದೇ ಹಾಕಿದ್ದೇನೆ. ಟಿಸಿಪಿ ಯೂಸರ್ ಟೈಮ್‌ಔಟ್ ಹಾಕಿ ರೂಟರಿನ ಹೊರಗಿನ ಕೇಬಲ್ ಕಿತ್ತು ನೋಡಿದೆ. ಒಂದು ನಿಮಿಷದೊಳಗೆ ದೋಷ ಪರದೆಗೆ ಬರುತ್ತಿದೆ. ಈಗ ದೋಷ ಬಂದ ಕೂಡಲೇ ಟನಲ್ ಅನ್ನು ಹೊಸದಾಗಿ ಕಟ್ಟಿ, ಅದೇ ದಾಖಲೆಯನ್ನು ಮತ್ತೊಮ್ಮೆ ಕಳಿಸುವಂತೆ ಬರೆಯಬೇಕೆಂದಿದ್ದೇನೆ. ಇದರಲ್ಲಿ ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಕವಲೇದುರ್ಗ ಅವರ ಉತ್ತರ

ಇದೆ, ಮತ್ತು ಇಲ್ಲಿಯವರೆಗೆ ಚರ್ಚಿಸಿದ ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇದೇ.

ಸಂಪರ್ಕ ಕಡಿದಾಗ ನಿಮಗೆ ತಿಳಿಯುವುದು ಉತ್ತರ ಬರಲಿಲ್ಲ ಎಂಬುದಷ್ಟೆ. ದಾಖಲೆ ಶಿವಮೊಗ್ಗಕ್ಕೆ ತಲುಪುವ ಮೊದಲೇ ದಾರಿ ಕಡಿದಿರಬಹುದು. ಅಥವಾ ದಾಖಲೆ ತಲುಪಿ, ಡೇಟಾಬೇಸಿನಲ್ಲಿ ಕಮಿಟ್ (ಖಾಯಂ ದಾಖಲು) ಕೂಡ ಆಗಿ, ಆಯಿತೆಂಬ ಉತ್ತರ ಮರಳುವಾಗ ಕಡಿದಿರಬಹುದು. ಕೇಂದ್ರದಲ್ಲಿ ಕುಳಿತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಎರಡನೆಯ ಸಂದರ್ಭದಲ್ಲಿ ಕಣ್ಣು ಮುಚ್ಚಿ ಮತ್ತೆ ಕಳಿಸಿದರೆ ಒಂದೇ ಚೀಲದ ರಾಶಿ ಅಡಿಕೆ ಎರಡು ಸಲ ಖರೀದಿಯಾದಂತೆ ಬರೆಯಲ್ಪಡುತ್ತದೆ. ದಾಸ್ತಾನು ಎಣಿಸುವ ದಿನ ಅದು ಬಯಲಿಗೆ ಬಂದಾಗ ಸಂಶಯ ಬೀಳುವುದು ಗುಮಾಸ್ತರ ಮೇಲೆ.

ಇದಕ್ಕೆ ಟನಲ್‌ನಲ್ಲಿ ಪರಿಹಾರವಿಲ್ಲ; ದಾಖಲೆಯ ರೂಪದಲ್ಲೇ ಇರಬೇಕು. ತೂಕದ ಚೀಟಿ ಹುಟ್ಟಿದ ಕ್ಷಣದಲ್ಲೇ, ನೆಟ್‌ವರ್ಕ್‌ಗೆ ಕೈ ಹಾಕುವ ಮೊದಲೇ, ಕೇಂದ್ರದ ಕಂಪ್ಯೂಟರಿನಲ್ಲಿ ಅದಕ್ಕೊಂದು ಯುಯುಐಡಿ (ಬೇರೆಲ್ಲೂ ಮರುಕಳಿಸದಂಥ ಗುರುತಿನ ಸಂಖ್ಯೆ) ಕೊಟ್ಟು, ಚೀಟಿಯನ್ನು ಸ್ಥಳೀಯ ಎಸ್‌ಕ್ಯೂಲೈಟ್ ಫೈಲಿನಲ್ಲಿ ಬರೆದಿಡಿ. ಶಿವಮೊಗ್ಗದ ಕೋಷ್ಟಕದಲ್ಲಿ ಆ ಯುಯುಐಡಿಗೆ ಯೂನಿಕ್ ನಿರ್ಬಂಧ ಹಾಕಿ, ಸೇರಿಸುವಾಗ ಪೋಸ್ಟ್‌ಗ್ರೆಸ್ 9.5ರಿಂದ ಇರುವ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್ ಬಳಸಿ. ಆಗ ಅದೇ ಚೀಟಿಯನ್ನು ಎಷ್ಟು ಸಲ ಕಳಿಸಿದರೂ ಸೇರುವುದು ಒಂದೇ ಸಲ. ಸ್ಥಳೀಯವಾಗಿ ಬರೆದಾದ ಕೂಡಲೇ ರೈತರಿಗೆ ಚೀಟಿ ಮುದ್ರಿಸಿ ಕೊಡಬಹುದು, ಶಿವಮೊಗ್ಗಕ್ಕೆ ಕಳಿಸುವ ಕೆಲಸವನ್ನು ಹಿನ್ನೆಲೆಯ ಥ್ರೆಡ್ ಒಂದು ತನ್ನ ಪಾಡಿಗೆ ಮಾಡಿಕೊಂಡಿರಲಿ. ಮರುಪ್ರಯತ್ನಗಳ ನಡುವೆ ಅಂತರವನ್ನು ಹೆಚ್ಚಿಸುತ್ತ ಹೋಗಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಅಂಶವನ್ನೂ ಸೇರಿಸಿ. ಇಲ್ಲವಾದರೆ ಮುಖ್ಯ ಕಚೇರಿಗೆ ಕರೆಂಟು ಮರಳಿದ ಕ್ಷಣದಲ್ಲಿ ಎಲ್ಲ ಕೇಂದ್ರಗಳೂ ಒಟ್ಟಿಗೆ 22ನೇ ಪೋರ್ಟಿಗೆ ಮುಗಿಬೀಳುತ್ತವೆ.

ಶಿವಮೊಗ್ಗದ ತುದಿಯನ್ನೂ ಮರೆಯಬಾರದು. ನಿಮ್ಮ ಕಡೆ ಟನಲ್ ಸತ್ತದ್ದು ನಿಮಗೆ ತಿಳಿದರೂ ಅಲ್ಲಿಯ ಎಸ್‌ಎಸ್‌ಎಚ್ ಸರ್ವರಿಗೆ ತಿಳಿದಿರುವುದಿಲ್ಲ. ಅದು ಡೇಟಾಬೇಸಿನ ಕಡೆಯ ಸಂಪರ್ಕವನ್ನು ಹಿಡಿದುಕೊಂಡೇ ಇರುತ್ತದೆ, ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ಬೀಗ ಹಾಕಿದ ಸಾಲುಗಳು ಹಾಗೆಯೇ ಉಳಿಯುತ್ತವೆ, ಹೊಸ ಟನಲ್‌ನಿಂದ ಬಂದ ನಿಮ್ಮದೇ ಪ್ರೋಗ್ರಾಂ ಅದೇ ಬೀಗದ ಮುಂದೆ ಕಾಯುತ್ತ ನಿಲ್ಲುತ್ತದೆ. ಎಸ್‌ಎಸ್‌ಎಚ್ ಸರ್ವರಿನಲ್ಲಿ ಕ್ಲೈಂಟ್ ಅಲೈವ್ ಇಂಟರ್ವಲ್ ಅನ್ನು 15 ಎಂದಿಡಿ, ಅದರ ಮೂಲ ಬೆಲೆಯೂ ಸೊನ್ನೆಯೇ. ಡೇಟಾಬೇಸಿನಲ್ಲಿ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ ಅನ್ನು ಒಂದು ನಿಮಿಷಕ್ಕೆ ಇಡಿ.

ಗೋದಾಮಿನ ರಾಸ್ಪ್‌ಬೆರಿ ಪೈ ವಿಚಾರಕ್ಕೂ ಈ ಕ್ಲೈಂಟ್ ಅಲೈವ್ ಸೆಟ್ಟಿಂಗ್ ಬೇಕಾಗುತ್ತದೆ. ಮೊಬೈಲ್ ಸಿಮ್‌ನಲ್ಲಿ ಸಾಧನಕ್ಕೆ ಸಿಗುವುದು ಸಾಮಾನ್ಯವಾಗಿ ಕಂಪನಿಯ ಒಳಗಿನ ವಿಳಾಸ, ಹಲವು ಗ್ರಾಹಕರು ಒಂದು ಸಾರ್ವಜನಿಕ ಐಪಿಯನ್ನು ಹಂಚಿಕೊಂಡಿರುತ್ತಾರೆ. 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಇದೇ ವ್ಯವಸ್ಥೆ ಎಂದು ತಿಳಿಯಿರಿ. 2012ರಲ್ಲಿ ಆ ಶ್ರೇಣಿಯನ್ನು ಇದಕ್ಕೆಂದೇ ಮೀಸಲಿಡಲಾಗಿದೆ. ಹೊರಗಿನಿಂದ ಒಳಗೆ ಹೋಗಲು ಬಾರದ ಕಾರಣ ಪೈ ತಾನೇ ಹೊರಗೆ ಬಂದು ರಿಮೋಟ್ ಫಾರ್ವರ್ಡಿಂಗ್ ಕೇಳಬೇಕು: ಶಿವಮೊಗ್ಗದ ಯಂತ್ರದಲ್ಲಿ ಒಂದು ಪೋರ್ಟ್ ತೆರೆದು, ಅಲ್ಲಿಗೆ ಬಂದದ್ದನ್ನು ತನ್ನ 22ನೇ ಪೋರ್ಟಿಗೆ ತರಿಸಿಕೊಳ್ಳಬೇಕು. ಗೇಟ್‌ವೇ ಪೋರ್ಟ್ಸ್ ಎಂಬುದು ಮೂಲದಲ್ಲಿ ಮುಚ್ಚಿರುವುದರಿಂದ ಆ ಪೋರ್ಟ್ ಶಿವಮೊಗ್ಗದ ಯಂತ್ರದೊಳಗಿನವರಿಗೆ ಮಾತ್ರ ಕಾಣುತ್ತದೆ. ಅದನ್ನು ಹಾಗೆಯೇ ಬಿಡಿ. ಹಳೆಯ ಸಂಪರ್ಕ ಸತ್ತದ್ದು ಸರ್ವರಿಗೆ ತಿಳಿಯುವವರೆಗೂ ಪೋರ್ಟ್ ಅದರ ಕೈಯಲ್ಲೇ ಇರುವುದರಿಂದ, ಮರಳಿ ಬಂದ ಪೈಗೆ ಅದು ಸಿಗುವುದಿಲ್ಲ. ಆಗ ಓಪನ್‌ಎಸ್‌ಎಸ್‌ಎಚ್ ಎಚ್ಚರಿಕೆಯ ಒಂದು ಸಾಲು ಬರೆದು, ಪೋರ್ಟ್ ಇಲ್ಲದೆಯೇ ಸಂಪರ್ಕದಲ್ಲಿ ಕುಳಿತುಬಿಡುತ್ತದೆ. ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್ ಅನ್ನು ಹೌದು ಎಂದಿಟ್ಟರೆ ಅದು ಹೊರಬಿದ್ದು, ಸಿಸ್ಟಂಡಿ (ಲಿನಕ್ಸಿನಲ್ಲಿ ಸೇವೆಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಅದನ್ನು ಮತ್ತೆ ಎಬ್ಬಿಸಲು ಅವಕಾಶವಾಗುತ್ತದೆ. ಪೈಯಲ್ಲಿ ಇದಕ್ಕಾಗಿ ಪೈಥಾನ್ ಕೋಡ್ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಓಪನ್‌ಎಸ್‌ಎಸ್‌ಎಚ್ ಮತ್ತು ರೀಸ್ಟಾರ್ಟ್ ಆಲ್ವೇಸ್ ಎಂದಿರುವ ಒಂದು ಸಿಸ್ಟಂಡಿ ಸರ್ವಿಸ್ ಫೈಲ್ ಸಾಕು.

ಶರಾವತಿ

ಕವಲೇದುರ್ಗ ಅವರ ಮಾತನ್ನು ಖರೀದಿ ಕೇಂದ್ರಗಳಿಗೂ ಅನ್ವಯಿಸಬಹುದೆಂದು ನನಗನ್ನಿಸುತ್ತದೆ. ಸ್ಥಳೀಯವಾಗಿ ಬರೆದಿಟ್ಟು ಹಿನ್ನೆಲೆಯಲ್ಲಿ ಕಳಿಸುವ ವ್ಯವಸ್ಥೆ ಬಂದ ಮೇಲೆ ಟನಲ್ ಪ್ರೋಗ್ರಾಂ ಒಳಗೇ ಇರಬೇಕೆಂಬ ಒತ್ತಾಯ ಉಳಿಯುವುದಿಲ್ಲ. ಕೋಡ್ ಒಳಗೆ ಟನಲ್ ಇಡುವುದು ಸರಿಯೆನಿಸುವುದು, ವಿಳಾಸಗಳು ಓಡುವಾಗಲೇ ನಿರ್ಧಾರವಾಗುವಾಗ ಅಥವಾ ಗೋ ಭಾಷೆಯಲ್ಲಿರುವಂತೆ ಕ್ಲೈಂಟಿನ ಡಯಲ್ ಮೆಥಡ್ ಸ್ಥಳೀಯ ಪೋರ್ಟನ್ನೇ ತೆರೆಯದೆ ಚಾನೆಲ್ಲನ್ನು ನೇರವಾಗಿ ಸಂಪರ್ಕವಾಗಿ ಕೈಗೆ ಕೊಡುವಾಗ. ಸೈಕೋಪಿಜಿಯ ಅಡಿಯಲ್ಲಿರುವ ಲಿಬ್‌ಪಿಕ್ಯೂ ಹಾಗೆ ಸಿದ್ಧ ಸಾಕೆಟ್ಟನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಕೇಂದ್ರಗಳಲ್ಲಿ ವಿಳಾಸ ಬದಲಾಗುವುದೂ ಇಲ್ಲ. ಪ್ಯಾರಾಮಿಕೊ 4ರಲ್ಲಿ ಹಳೆಯ ಡಿಎಸ್‌ಎ ಕೀಲಿಯ ಕ್ಲಾಸನ್ನು ತೆಗೆದುಹಾಕಿದ್ದರಿಂದ, ಅದನ್ನು ಹೆಸರಿಸುವ ಎಸ್‌ಎಸ್‌ಎಚ್‌ಟನಲ್ 0.4.0 ಅದರೊಂದಿಗೆ ನಡೆಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2021ರ ನಂತರ ಅದರ ಹೊಸ ಆವೃತ್ತಿ ಬಂದದ್ದನ್ನು ನಾನು ನೋಡಿಲ್ಲ.

ತುಂಗಾತೀರ

ಒಪ್ಪಿದೆ ಮೇಡಂ. ಮೊದಲು ಯುಯುಐಡಿ ಮತ್ತು ಸ್ಥಳೀಯ ಫೈಲಿನ ಕೆಲಸ ಮುಗಿಸಿ, ಆಮೇಲೆ ಟನಲ್ ಅನ್ನು ಸಿಸ್ಟಂಡಿಗೆ ಒಪ್ಪಿಸುತ್ತೇನೆ. ಒಂದು ಚಿಕ್ಕ ತೊಡಕು ಉಳಿದಿದೆ: ಡೇಟಾಬೇಸಿನ ಪ್ರಮಾಣಪತ್ರವನ್ನು ಪೂರ್ಣವಾಗಿ ಪರೀಕ್ಷಿಸುವ ವೆರಿಫೈ ಫುಲ್ ಹಾಕಿದರೆ ಹೆಸರು ಹೊಂದುತ್ತಿಲ್ಲ ಎನ್ನುತ್ತದೆ. ನಾನು ಸಂಪರ್ಕಿಸುತ್ತಿರುವುದು 127.0.0.1ಕ್ಕೆ, ಪ್ರಮಾಣಪತ್ರದಲ್ಲಿರುವುದು ಶಿವಮೊಗ್ಗದ ಯಂತ್ರದ ಹೆಸರು.

ಮಂಡಗದ್ದೆ

ಲಿಬ್‌ಪಿಕ್ಯೂದಲ್ಲಿ ಹೋಸ್ಟ್ ಮತ್ತು ಹೋಸ್ಟ್‌ಅಡ್ರ್ ಎಂದು ಎರಡು ಬೇರೆ ಆಯ್ಕೆಗಳಿವೆ. ಹೋಸ್ಟ್‌ನಲ್ಲಿ ಪ್ರಮಾಣಪತ್ರದಲ್ಲಿರುವ ಹೆಸರನ್ನೂ ಹೋಸ್ಟ್‌ಅಡ್ರ್‌ನಲ್ಲಿ 127.0.0.1 ಎಂದೂ ಕೊಡಿ. ಸಂಪರ್ಕ ಟನಲ್‌ಗೆ ಹೋಗುತ್ತದೆ, ಹೆಸರಿನ ಪರೀಕ್ಷೆ ಹೋಸ್ಟ್‌ನಲ್ಲಿರುವುದರ ಮೇಲೆ ನಡೆಯುತ್ತದೆ. ಪರೀಕ್ಷೆಯನ್ನು ಸಡಿಲಿಸುವ ಅಗತ್ಯವಿಲ್ಲ.